ಮಾಗಿಯ ಹೊಳೆ, ಬಾವಿಯ ಮಟ್ಟ: ಭೀಮಾ ಕೊಳ್ಳದ ನೀರಿನ ಲೆಕ್ಕ

ಮಳೆಗಾಲದ ನದಿಗೆ ಸಾಕ್ಷಿಗಳ ಕೊರತೆಯಿಲ್ಲ. ದಡ ಮೀರಿ ಹರಿಯುವ ಹೊಳೆಯನ್ನು ಕವಿಗಳು ವರ್ಣಿಸಿದ್ದಾರೆ. ಪತ್ರಿಕೆಗಳು ಅದರ ಚಿತ್ರವನ್ನು ಮೊದಲ ಪುಟದಲ್ಲಿ ಅಚ್ಚಿಸುತ್ತವೆ. ಆದರೆ ಪುಷ್ಯ-ಮಾಘ ಮಾಸಗಳಲ್ಲಿ, ಆಕಾಶದಲ್ಲಿ ಮೋಡದ ತುಣುಕೂ ಇಲ್ಲದಿರುವಾಗ, ಮರಳು ಮತ್ತು ಬಂಡೆಗಳ ನಡುವೆ ಸಣ್ಣಗೆ ಹರಿಯುವ ಅದೇ ಹೊಳೆಯ ಕಡೆಗೆ ಯಾರ ದೃಷ್ಟಿಯೂ ಅಷ್ಟಾಗಿ ಹೊರಳುವುದಿಲ್ಲ. ಮಳೆ ನಿಂತು ಎರಡು ಮೂರು ತಿಂಗಳು ಕಳೆದ ಮೇಲೂ ಹೊಳೆಯಲ್ಲಿ ನೀರು ಇರುವುದು ಹೇಗೆ? ಪ್ರಶ್ನೆ ಸರಳವಾದುದು. ಅದರ ಉತ್ತರವಾದರೋ ಒಂದು ಪ್ರದೇಶದ ಬೇಸಾಯ, ಕುಡಿಯುವ ನೀರು, ಜನರ ವಲಸೆ ಮತ್ತು ರಾಜ್ಯ ರಾಜ್ಯಗಳ ನಡುವಣ ನ್ಯಾಯ ಇವೆಲ್ಲವನ್ನೂ ತಟ್ಟುವಂಥದು.

ಮಾಗಿಯ ಹೊಳೆಯಲ್ಲಿ ಹರಿಯುವುದು ಬಹುಮಟ್ಟಿಗೆ ನೆಲದೊಳಗಿನ ನೀರು. ಮಳೆಗಾಲದಲ್ಲಿ ಮಣ್ಣಿಗೂ ಕಲ್ಲಿನ ಬಿರುಕಿಗೂ ಇಳಿದ ನೀರು ಮೆಲ್ಲಮೆಲ್ಲನೆ ಜಿನುಗಿ ಹಳ್ಳಕ್ಕೂ ಹಳ್ಳದಿಂದ ಹೊಳೆಗೂ ಸೇರುತ್ತದೆ. ಜಲವಿಜ್ಞಾನಿಗಳು ಇದನ್ನು ತಳಹರಿವು ಎನ್ನುತ್ತಾರೆ. ಜನ ಒರತೆ, ಸೆಲೆ, ಜಿನುಗು ಎಂಬ ಮಾತುಗಳಿಂದ ಇದನ್ನು ಬಹುಕಾಲದಿಂದ ಗುರುತಿಸಿದ್ದಾರೆ. ಆದುದರಿಂದ ಚಳಿಗಾಲದ ಹೊಳೆಯ ಹರಿವನ್ನು ಅಳೆಯುವುದೂ ಅದೇ ದಿನಗಳಲ್ಲಿ ಬಾವಿಯ ನೀರಿನ ಮಟ್ಟವನ್ನು ಅಳೆಯುವುದೂ ಒಂದೇ ಖಾತೆಯನ್ನು ಎರಡು ಕಡೆಯಿಂದ ಓದಿದಂತೆ. ಈ ಖಾತೆಯನ್ನು ಇಡುವ ಬಗೆ ಯಾವುದು, ಅದು ಎರಡು ಪುಸ್ತಕಗಳಾಗಿ ಒಡೆದುಹೋದುದು ಹೇಗೆ, ಅದರಿಂದ ಆಗುವ ಹಾನಿ ಯಾರಿಗೆ ಎಂಬುದನ್ನು ಭೀಮಾ ನದಿಯ ಕೊಳ್ಳವನ್ನು ನಿದರ್ಶನವಾಗಿ ಇಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕೊಳ್ಳ ಮತ್ತು ಅದರ ಜನ

ಭೀಮೆ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಆಗ್ನೇಯಕ್ಕೆ ಸುಮಾರು ೮೬೦ ಕಿಲೋಮೀಟರ್ ಹರಿದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಇಂದ್ರಾಯಣಿ, ಮುಳಾ-ಮುಠಾ, ಘೋಡ, ನೀರಾ, ಮಾಣ, ಸೀನಾ ನದಿಗಳು ಮಹಾರಾಷ್ಟ್ರದಲ್ಲಿ ಅದಕ್ಕೆ ಸೇರುತ್ತವೆ. ಅಮರ್ಜಾ, ಕಾಗಿಣಾ ಮುಂತಾದವು ಕಲಬುರಗಿ ಸೀಮೆಯಲ್ಲಿ ಸೇರುತ್ತವೆ. ಸುಮಾರು ೭೦,೦೦೦ ಚದರ ಕಿಲೋಮೀಟರ್ ವಿಸ್ತಾರದ ಈ ಕೊಳ್ಳದಲ್ಲಿ ಮೂರನೆಯ ಎರಡು ಪಾಲಿಗೂ ತುಸು ಹೆಚ್ಚು ಮಹಾರಾಷ್ಟ್ರದಲ್ಲಿದ್ದು, ಉಳಿದುದರಲ್ಲಿ ಬಹುಭಾಗ ಕರ್ನಾಟಕದಲ್ಲಿದೆ.

ಆಡಳಿತದ ಗಡಿ ಹೀಗಿದ್ದರೂ ಭಾಷೆಯ ಗಡಿ ಅಷ್ಟು ನೇರವಾಗಿಲ್ಲ. 'ಕವಿರಾಜಮಾರ್ಗ' ಹೇಳುವ ಕಾವೇರಿ-ಗೋದಾವರಿಗಳ ನಡುವಣ ಕನ್ನಡ ನಾಡಿನೊಳಗೆ ಭೀಮೆಯ ಕೊಳ್ಳ ಸೇರಿದ್ದಿತು. ಆ ಕೃತಿ ರಚನೆಯಾದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಿಂತಿರುವುದು ಭೀಮೆಯ ಉಪನದಿಯಾದ ಕಾಗಿಣಾ ದಂಡೆಯಲ್ಲಿ. ಕಲಚುರಿಗಳ ಮಂಗಳವಾಡ ಇಂದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಸೀನಾ ನದಿ ಭೀಮೆಯನ್ನು ಸೇರುವ ಮಹಾರಾಷ್ಟ್ರದ ಊರಿನ ಹೆಸರು ಕೂಡಲ. ಆ ಹೆಸರೇ ತನ್ನ ಭಾಷೆಯನ್ನು ಹೇಳುತ್ತದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವ ಊರುಗಳು ಅನೇಕ. ಅಲ್ಲಿ ಒಬ್ಬನ ಬಾವಿ ಮತ್ತೊಬ್ಬನಿಗೆ ವಿಹೀರ, ಒಬ್ಬನ ಹಳ್ಳ ಮತ್ತೊಬ್ಬನಿಗೆ ಓಢಾ; ನೀರು ಮಾತ್ರ ಒಂದೇ.

ಈ ಕೊಳ್ಳದ ಮಳೆಯ ಹಂಚಿಕೆ ತೀರ ಅಸಮವಾದುದು. ಸಹ್ಯಾದ್ರಿಯ ನೆತ್ತಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಟ್ಟದಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಸರಿಯುವಷ್ಟರಲ್ಲಿ ಅದು ೬೦೦ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಸೊಲ್ಲಾಪುರ, ವಿಜಯಪುರಗಳ ಎರೆಭೂಮಿ ಈ ಮಳೆನೆರಳಿನ ಸೀಮೆ. ಇಲ್ಲಿಯ ಮುಖ್ಯ ಬೆಳೆಯಾದ ಬಿಳಿಜೋಳವನ್ನು ಬಿತ್ತುವುದು ಮಳೆಗಾಲದ ಕೊನೆಗೆ. ಅದು ಬೆಳೆಯುವುದು ಎರೆಮಣ್ಣು ಹಿಡಿದಿಟ್ಟ ಹಸಿಯಿಂದ ಮತ್ತು ಮಾಗಿಯ ಇಬ್ಬನಿಯ ದಿನಗಳಲ್ಲಿ. ಅಂದರೆ ಈ ಸೀಮೆಯ ಅನ್ನ ನಿರ್ಧಾರವಾಗುವುದು ಮಳೆಗಾಲದ ನಡುವೆಯಲ್ಲ, ಚಳಿಗಾಲದಲ್ಲಿ. ಚಳಿಗಾಲದ ನೀರನ್ನು ಅಳೆಯುವ ಕೆಲಸಕ್ಕೆ ಇಲ್ಲಿ ವಿಶೇಷವಾದ ಅರ್ಥ ಬರುವುದು ಈ ಕಾರಣದಿಂದ.

೨. ಕಲ್ಲಿನೊಳಗಿನ ಉಳಿತಾಯ

ಭೀಮಾ ಕೊಳ್ಳದ ಬಹುಭಾಗವನ್ನು ಆವರಿಸಿರುವುದು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಲಾವಾರಸ ಪದರ ಪದರವಾಗಿ ಹರಿದು ಗಟ್ಟಿಯಾದ ದಖನ್ನಿನ ಕರಿಕಲ್ಲು, ಎಂದರೆ ಬಸಾಲ್ಟ್. ಕೊಳ್ಳದ ಕೆಳಭಾಗದಲ್ಲಿ ಶಹಾಬಾದಿನ ಸುಣ್ಣಕಲ್ಲೂ ಯಾದಗಿರಿಯ ಕಡೆಗೆ ಗ್ರಾನೈಟ್ ಶಿಲೆಯೂ ಕಾಣಿಸಿಕೊಳ್ಳುತ್ತವೆ. ಗಂಗಾ ಬಯಲಿನ ಮೆಕ್ಕಲು ಮಣ್ಣಿನಂತೆ ಇವು ನೀರನ್ನು ಧಾರಾಳವಾಗಿ ಹಿಡಿದಿಡಲಾರವು. ಕರಿಕಲ್ಲಿನಲ್ಲಿ ನೀರಿಗೆ ಎಡೆ ಸಿಗುವುದು ಮೇಲಿನ ಶಿಥಿಲವಾದ ಪದರದಲ್ಲಿ, ಬಿರುಕುಗಳಲ್ಲಿ ಮತ್ತು ಒಂದು ಲಾವಾಪದರಕ್ಕೂ ಇನ್ನೊಂದಕ್ಕೂ ನಡುವಣ ಸಂದಿಯಲ್ಲಿ ಮಾತ್ರ.

ನೀರು ತುಂಬಿದ ಶಿಥಿಲ ಬಸಾಲ್ಟಿನ ನೂರು ಘನಮೀಟರ್ ಗಾತ್ರದಿಂದ ಬಸಿದು ಬರುವ ನೀರು ಸಾಮಾನ್ಯವಾಗಿ ಒಂದರಿಂದ ಮೂರು ಘನಮೀಟರ್. ಲೆಕ್ಕಕ್ಕೆ ಎರಡು ಎಂದಿಟ್ಟುಕೊಳ್ಳಬಹುದು. ಹಾಗಾದರೆ ಒಂದು ಚದರ ಕಿಲೋಮೀಟರ್ ನೆಲದಡಿ ನೀರಿನ ಮಟ್ಟ ಒಂದು ಮೀಟರ್ ಇಳಿಯಿತೆಂದರೆ ಖರ್ಚಾದ ನೀರು ೨೦,೦೦೦ ಘನಮೀಟರ್. ಇದು ಆ ನೆಲದ ಮೇಲೆ ೨೦ ಮಿಲಿಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದಷ್ಟೇ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು ಒಳ್ಳೆಯ ಮಳೆಗಾಲದಲ್ಲಿ ೫೦ ಮಿಲಿಮೀಟರ್ ನೀರು ನೆಲಕ್ಕಿಳಿದರೆ ಬಾವಿಗಳ ಮಟ್ಟ ಎರಡೂವರೆ ಮೀಟರ್ ಏರಿ ಊರಿನವರಿಗೆ ಸಮೃದ್ಧಿಯ ಭಾವನೆ ಬರುತ್ತದೆ. ಅಷ್ಟೇ ಸುಲಭವಾಗಿ, ಕೆಲವು ವಾರಗಳ ಪಂಪಿನ ಕೆಲಸದಿಂದ ಆ ಏರಿಕೆ ಕರಗಿಹೋಗುತ್ತದೆ. ಈ ಕಲ್ಲು ದೊಡ್ಡ ಕಣಜವಲ್ಲ, ಸಣ್ಣ ಗಡಿಗೆ. ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಅಳೆದು ಸುಮ್ಮನಾದರೆ ಇದರ ಸ್ಥಿತಿ ತಿಳಿಯುವುದಿಲ್ಲ.

೩. ಹೊಳೆಯನ್ನು ಅಳೆಯುವುದು

ಹೊಳೆಯ ಹರಿವನ್ನು ಅಳೆಯುವ ತತ್ತ್ವ ಸರಳವಾದುದು: ಅಗಲ, ಆಳ ಮತ್ತು ವೇಗಗಳ ಗುಣಲಬ್ಧವೇ ಹರಿವು. ಹತ್ತು ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳವಿರುವ ಹೊಳೆ ಸೆಕೆಂಡಿಗೆ ೦.೩ ಮೀಟರ್ ವೇಗದಿಂದ ಹರಿಯುತ್ತಿದ್ದರೆ ಅದರ ಹರಿವು ಸೆಕೆಂಡಿಗೆ ೧.೫ ಘನಮೀಟರ್, ಒಂದು ಹಗಲು ಒಂದು ರಾತ್ರಿಗೆ ೧,೨೯,೬೦೦ ಘನಮೀಟರ್. ಆದರೆ ಹೊಳೆಯ ತಳ ಸಮತಟ್ಟಲ್ಲ, ವೇಗ ಎಲ್ಲ ಕಡೆ ಒಂದೇ ಅಲ್ಲ. ಆದುದರಿಂದ ಹೊಳೆಯ ಅಡ್ಡಕ್ಕೆ ಹಗ್ಗ ಕಟ್ಟಿ, ಅಗಲವನ್ನು ಅನೇಕ ತುಂಡುಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಆಳವನ್ನೂ ವೇಗವನ್ನೂ ಬೇರೆ ಬೇರೆಯಾಗಿ ಅಳೆದು ಕೂಡಿಸಬೇಕಾಗುತ್ತದೆ. ವೇಗವನ್ನು ಅಳೆಯಲು ನೀರಿನ ಸೆಳೆತಕ್ಕೆ ತಿರುಗುವ ಸಣ್ಣ ಬಟ್ಟಲುಗಳುಳ್ಳ ಕರೆಂಟ್ ಮೀಟರ್ ಎಂಬ ಉಪಕರಣವನ್ನು ಬಳಸುತ್ತಾರೆ. ನೀರು ಆಳವಿಲ್ಲದಲ್ಲಿ ಮೇಲ್ಮೈಯಿಂದ ಹತ್ತರಲ್ಲಿ ಆರು ಪಾಲು ಕೆಳಗೆ ಇಳಿಸಿ ಅಳೆದ ವೇಗವು ಆ ತುಂಡಿನ ಸರಾಸರಿ ವೇಗಕ್ಕೆ ಹತ್ತಿರವಾಗಿರುತ್ತದೆ.

ಕೇಂದ್ರ ಜಲ ಆಯೋಗವು ಭೀಮೆಯ ಮೇಲೆ ದೌಂಡ, ನರಸಿಂಗಪುರ, ಟಾಕಳಿ, ದೇವಣಗಾಂವ, ಯಾದಗಿರಿಗಳಲ್ಲಿಯೂ ಸೀನಾ ನದಿಯ ಮೇಲೆ ವಡಕಬಾಳದಲ್ಲಿಯೂ ಕಾಗಿಣಾ ನದಿಯ ಮೇಲೆ ಮಳಖೇಡದಲ್ಲಿಯೂ ಇಂಥ ಮಾಪನಕೇಂದ್ರಗಳನ್ನು ಇರಿಸಿದೆ. ಜೂನ್ ೧ರಿಂದ ಮರುವರ್ಷದ ಮೇ ೩೧ರವರೆಗಿನ ಅವಧಿಯನ್ನು ಜಲವರ್ಷವೆಂದು ಎಣಿಸಲಾಗುತ್ತದೆ.

ಮಹಾಪೂರವನ್ನು ಅಳೆಯುವುದು ಅಪಾಯದ ಕೆಲಸ. ಮಾಗಿಯ ಹರಿವನ್ನು ಅಳೆಯುವುದು ನಾಜೂಕಿನ ಕೆಲಸ. ಪ್ರತಿ ಮಳೆಗಾಲವೂ ಹೊಳೆಯ ತಳದ ಮರಳನ್ನು ಹೊರಳಿಸಿ ಹೋಗುವುದರಿಂದ, ಕಳೆದ ವರ್ಷ ಮಟ್ಟದ ಪಟ್ಟಿಯ ಒಂದು ಗೆರೆಗೆ ಇದ್ದ ಹರಿವು ಈ ವರ್ಷ ಅದೇ ಗೆರೆಗೆ ಇರುವುದಿಲ್ಲ. ಒಂದು ಬಂಡೆ ಸರಿದರೆ, ಒಂದಿಷ್ಟು ಜೊಂಡು ಬೆಳೆದರೆ ಸಣ್ಣ ಹರಿವಿನ ಲೆಕ್ಕ ತಪ್ಪುತ್ತದೆ. ಹಳ್ಳಗಳಲ್ಲಿಯಂತೂ ಅಡ್ಡಲಾಗಿ ಹಲಗೆಯೊಂದನ್ನು ನಿಲ್ಲಿಸಿ, ಅದರ ಮೂಲೆಯಾಕಾರದ ಕಚ್ಚಿನ ಮೂಲಕ ನೀರನ್ನು ಹಾಯಿಸಿ, ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆಂಬುದರಿಂದ ಹರಿವನ್ನು ತಿಳಿಯುವುದೇ ಸೂಕ್ತ.

ಒಂದು ದಿನದ ಅಳತೆಗಿಂತ ಅಳತೆಗಳ ಸಾಲು ಹೆಚ್ಚು ಮಾತಾಡುತ್ತದೆ. ಮಳೆ ನಿಂತ ಮೇಲೆ ಹರಿವು ದಿನದಿನಕ್ಕೆ ಒಂದು ನಿಯಮವನ್ನು ಅನುಸರಿಸಿ ಕುಗ್ಗುತ್ತದೆ. ನಿದರ್ಶನಕ್ಕೆ, ಹಿಂದಿನ ದಿನದ ನೂರು ಪಾಲಿನಲ್ಲಿ ಮರುದಿನ ೯೭ ಪಾಲು ಉಳಿಯುವ ಹಳ್ಳದ ಹರಿವು ಸುಮಾರು ೨೩ ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮಣ್ಣಿಗೆ ನೀರಿಳಿಯುವ ನೆಲವಿದ್ದಲ್ಲಿ ಈ ಇಳಿಕೆ ನಿಧಾನ. ಬೋಳುಗುಡ್ಡಗಳ ಕೆಳಗೆ, ಅಥವಾ ಇಕ್ಕೆಲಗಳಲ್ಲಿ ಪಂಪುಗಳು ಎಡೆಬಿಡದೆ ಓಡುವಲ್ಲಿ ಅದು ಕಡಿದಾದುದು. ಹರಿವು ಕುಗ್ಗುವ ಈ ರೇಖೆಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ನೆಲದ ಆರೋಗ್ಯದ ಒಂದು ಚಿತ್ರ ಮೂಡುತ್ತದೆ.

೪. ಬಾವಿಯನ್ನು ಅಳೆಯುವುದು

ಬಾವಿಯ ಅಳತೆಯ ಸಾಧನ ಇನ್ನೂ ಸರಳ. ಬಾವಿಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಸವರಿ ಇಳಿಬಿಟ್ಟು, ಒದ್ದೆಯಾದ ಗೆರೆಯನ್ನು ಓದಿ, ಕಟ್ಟೆಯ ಎತ್ತರವನ್ನು ಕಳೆದರೆ ನೆಲಮಟ್ಟದಿಂದ ನೀರು ಎಷ್ಟು ಕೆಳಗಿದೆ ಎಂಬುದು ತಿಳಿಯುತ್ತದೆ. ಪಾಲಿಸಬೇಕಾದ ನಿಯಮಗಳು ಎರಡು ಮೂರು ಮಾತ್ರ: ಪ್ರತಿಸಲವೂ ಅದೇ ಬಾವಿ, ಅದೇ ಗುರುತು, ಸಾಧ್ಯವಾದಮಟ್ಟಿಗೆ ಅದೇ ತಾರೀಖು, ಪಂಪು ನಿಂತು ನೀರು ತನ್ನ ಮಟ್ಟಕ್ಕೆ ಮರಳಿದ ಮೇಲೆ, ಎಂದರೆ ಬೆಳಗಿನ ಹೊತ್ತು ಅಳತೆ ಮಾಡಬೇಕು. ತೋಡುಬಾವಿಯೂ ಕೊಳವೆಬಾವಿಯೂ ಹೇಳುವ ಮಾತು ಒಂದೇ ಅಲ್ಲವೆಂಬುದನ್ನು ಮರೆಯಬಾರದು. ತೋಡುಬಾವಿ ಮೇಲಿನ ಶಿಥಿಲಪದರದ ನೀರನ್ನು ತೋರಿಸುತ್ತದೆ. ನೂರಾರು ಅಡಿ ಆಳದ ಕೊಳವೆಬಾವಿ ಕೆಳಗಿನ ಸಂದಿಗಳ ನೀರನ್ನು ತೋರಿಸುತ್ತದೆ. ಇವೆರಡನ್ನೂ ಬೆರಸಿ ಸರಾಸರಿ ತೆಗೆದರೆ ಬರುವ ಅಂಕಿಗೆ ಅರ್ಥವಿಲ್ಲ.

ಕೇಂದ್ರ ಅಂತರ್ಜಲ ಮಂಡಲಿ ೧೯೬೯ರಲ್ಲಿ ಆರಂಭವಾದ ವೀಕ್ಷಣಾ ಬಾವಿಗಳ ಜಾಲವನ್ನು ಬೆಳೆಸುತ್ತ ಬಂದಿದ್ದು, ದೇಶದಾದ್ಯಂತ ೨೦,೦೦೦ಕ್ಕೂ ಹೆಚ್ಚು ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ಮಟ್ಟವನ್ನು ದಾಖಲಿಸುತ್ತದೆ: ಮಳೆಗಾಲದ ಮುನ್ನ, ಆಗಸ್ಟಿನಲ್ಲಿ, ನವೆಂಬರಿನಲ್ಲಿ ಮತ್ತು ಜನವರಿಯಲ್ಲಿ. ಮಹಾರಾಷ್ಟ್ರದಲ್ಲಿ ಬರಗಾಲದ ವರ್ಷವಾದ ೧೯೭೨ರಲ್ಲಿ ಸ್ಥಾಪನೆಗೊಂಡ ಭೂಜಲ ಸರ್ವೇಕ್ಷಣ ಸಂಸ್ಥೆ ಅಕ್ಟೋಬರ್, ಜನವರಿ, ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ತನ್ನ ಬಾವಿಗಳನ್ನು ಅಳೆಯುತ್ತದೆ. ಕರ್ನಾಟಕದಲ್ಲಿ ಈ ಹೊಣೆ ಅಂತರ್ಜಲ ನಿರ್ದೇಶನಾಲಯದ್ದು. ೧೯೯೫ರಲ್ಲಿ ಆರಂಭವಾದ ಜಲವಿಜ್ಞಾನ ಯೋಜನೆ ಮತ್ತು ೨೦೧೬ರ ರಾಷ್ಟ್ರೀಯ ಜಲವಿಜ್ಞಾನ ಯೋಜನೆಗಳಿಂದಾಗಿ ಮನುಷ್ಯರ ನೆರವಿಲ್ಲದೆ ದಿನದಲ್ಲಿ ಹಲವು ಬಾರಿ ಮಟ್ಟವನ್ನು ತಾವೇ ದಾಖಲಿಸಿ ದೂರಕ್ಕೆ ಕಳುಹಿಸುವ ಯಂತ್ರಗಳೂ ಬಂದಿವೆ.

ಈ ನಾಲ್ಕು ಅಳತೆಗಳಲ್ಲಿ ಅಕ್ಟೋಬರ್-ನವೆಂಬರಿನದು ವರ್ಷದ ಜಮೆಯನ್ನು ಹೇಳುತ್ತದೆ. ಬೇಸಗೆಯದು ಕೊನೆಗೆ ಉಳಿದುದನ್ನು ಹೇಳುತ್ತದೆ. ನಡುವಣ ಜನವರಿಯ ಅಳತೆ ಖರ್ಚಿನ ವೇಗವನ್ನು ಹೇಳುತ್ತದೆ. ಬೇಸಗೆಯ ಅಂಕಿ ಬರುವ ಹೊತ್ತಿಗೆ ಬೆಳೆ ಒಣಗಿಯೋ ಕೊಯ್ಲಾಗಿಯೋ ಹೋಗಿರುತ್ತದೆ. ಇನ್ನೂ ಏನಾದರೂ ತಿದ್ದಿಕೊಳ್ಳಲು ಅವಕಾಶವಿರುವಾಗ ಬರುವ ಎಚ್ಚರಿಕೆ ಚಳಿಗಾಲದ್ದು ಮಾತ್ರ.

೫. ಎರಡನ್ನೂ ಕೂಡಿಸಿ ಓದುವುದು

ಹತ್ತು ಚದರ ಕಿಲೋಮೀಟರ್ ವಿಸ್ತಾರದ ಒಂದು ಹಳ್ಳದ ಜಲಾನಯನವನ್ನು ಕಲ್ಪಿಸಿಕೊಳ್ಳಬಹುದು. ಅಕ್ಟೋಬರಿನಿಂದ ಜನವರಿಯವರೆಗೆ ಅಲ್ಲಿಯ ಬಾವಿಗಳ ಮಟ್ಟ ಸರಾಸರಿ ಎರಡು ಮೀಟರ್ ಇಳಿದಿದ್ದರೆ, ನೂರಕ್ಕೆ ಎರಡರ ಲೆಕ್ಕದಲ್ಲಿ ನೆಲದಿಂದ ಹೊರಬಂದ ನೀರು ೪,೦೦,೦೦೦ ಘನಮೀಟರ್. ಅದೇ ೯೦ ದಿನಗಳಲ್ಲಿ ಹಳ್ಳದ ಬಾಯಲ್ಲಿ ಅಳೆದ ಹರಿವು ಸೆಕೆಂಡಿಗೆ ಸರಾಸರಿ ೨೦ ಲೀಟರ್ ಆಗಿದ್ದರೆ ಹೊಳೆಗೆ ಸೇರಿದ ನೀರು ಸುಮಾರು ೧,೫೫,೦೦೦ ಘನಮೀಟರ್. ಉಳಿದ ೨,೪೫,೦೦೦ ಘನಮೀಟರ್ ಪಂಪುಗಳಿಗೆ, ಗಿಡಮರಗಳ ಬೇರಿಗೆ ಮತ್ತು ಸ್ವಲ್ಪಮಟ್ಟಿಗೆ ನೆಲದಡಿಯಲ್ಲೇ ಆಚೆಗೆ ಹೋಗಿರಬೇಕು. ಬಾವಿಯ ಅಳತೆಯೊಂದೇ ಇದ್ದರೆ ಇಳಿದ ನೀರು ಎತ್ತ ಹೋಯಿತೆಂದು ತಿಳಿಯದು; ಹೊಳೆಯ ಅಳತೆಯೊಂದೇ ಇದ್ದರೆ ಬರಬೇಕಾದ ನೀರು ಎಲ್ಲಿ ನಿಂತಿತೆಂದು ತಿಳಿಯದು.

ಹೊಳೆ ಮತ್ತು ಬಾವಿಗಳ ಸಂಬಂಧ ಒಮ್ಮುಖವೂ ಅಲ್ಲ. ದಂಡೆಯ ಬಾವಿಗಳ ನೀರು ಹೊಳೆಯ ನೀರಿಗಿಂತ ಎತ್ತರದಲ್ಲಿರುವವರೆಗೆ ಹೊಳೆ ನೆಲದಿಂದ ಪಡೆಯುತ್ತದೆ. ಬಾವಿಗಳ ಮಟ್ಟ ಹೊಳೆಗಿಂತ ಕೆಳಗಿಳಿದರೆ ಹೊಳೆಯೇ ನೆಲಕ್ಕೆ ಕೊಡತೊಡಗುತ್ತದೆ. ಹಳ್ಳಗಳು ಹಿಂದೆ ಮಾಘ ಮಾಸದವರೆಗೂ ಹರಿಯುತ್ತಿದ್ದವೆಂದು ಹಿರಿಯರು ನೆನೆಯುವುದುಂಟು. ಮಳೆ ತೀರ ಕಡಿಮೆಯಾಗದೆಯೂ ಹಳ್ಳ ಬೇಗ ಒಣಗುವುದರ ಒಂದು ಕಾರಣ ಈ ತಿರುವುಮುರುವಿನಲ್ಲಿದೆ.

ಆದರೆ ಭೀಮೆಯಂಥ ನದಿಯಲ್ಲಿ ಮಾಗಿಯ ಹರಿವನ್ನು ಹಾಗೆಯೇ ನೆಲದ ನೀರೆಂದು ಓದಲಾಗದು. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟುಗಳ ಸಾಲೇ ಇದೆ. ೧೯೮೦ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದ ಸಾಮರ್ಥ್ಯ ಸುಮಾರು ೧೧೭ ಟಿ.ಎಂ.ಸಿ. ಅದರ ಬಾಗಿಲು ತೆರೆದ ದಿನ ಕೆಳಗಿನ ಕೇಂದ್ರಗಳಲ್ಲಿ ಹರಿವು ಏರುತ್ತದೆ. ಅದು ನೆಲದ ಕೊಡುಗೆಯಲ್ಲ. ಪುಣೆ ಮತ್ತು ಪಿಂಪ್ರಿ-ಚಿಂಚವಾಡ ನಗರಗಳು ಬಳಸಿ ಬಿಟ್ಟ ನೀರು ಮುಳಾ-ಮುಠಾ ನದಿಗಳ ಮೂಲಕ ವರ್ಷವಿಡೀ ಭೀಮೆಗೆ ಸೇರುತ್ತದೆ. ಆ ನಗರಗಳ ಕೆಳಗೆ ಮಾಗಿಯ ಹೊಳೆ ಬತ್ತದಿರುವುದು ಒರತೆಯ ಲಕ್ಷಣವಲ್ಲ, ಚರಂಡಿಯ ಲಕ್ಷಣ. ಇನ್ನೊಂದೆಡೆ, ಮುಳಾ ನದಿಯ ಮುಳಶಿ ಜಲಾಶಯದ ನೀರು ಪೂರ್ವಕ್ಕೆ ಹರಿಯದೆ, ಘಟ್ಟದ ಕೆಳಗಿನ ಭಿರಾದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಅರಬ್ಬೀ ಸಮುದ್ರದ ಕಡೆಗೆ ಹೋಗುತ್ತದೆ. ಈ ಅಣೆಕಟ್ಟಿನ ವಿರುದ್ಧವೇ ೧೯೨೧ರಲ್ಲಿ ಸೇನಾಪತಿ ಬಾಪಟರ ನೇತೃತ್ವದಲ್ಲಿ ಮುಳಶಿ ಸತ್ಯಾಗ್ರಹ ನಡೆಯಿತು. ಮುಂಬಯಿಯ ದೀಪಗಳಿಗೂ ಸೊಲ್ಲಾಪುರ-ಕಲಬುರಗಿಗಳ ಹೊಳೆಗೂ ಇರುವ ಈ ನಂಟು ಮುಂಬಯಿಯ ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು.

ಕಾಲುವೆ ನೀರಾವರಿಯ ಪ್ರದೇಶಗಳಲ್ಲಿ ಲೆಕ್ಕ ಮತ್ತೊಂದು ಬಗೆಯಾಗುತ್ತದೆ. ಅಲ್ಲಿ ಹೊಲಕ್ಕೆ ಹರಿಸಿದ ನೀರು ಇಂಗಿ ಬಾವಿಗಳ ಮಟ್ಟ ಚಳಿಗಾಲದಲ್ಲಿಯೂ ಏರಬಹುದು. ಎರೆಭೂಮಿಯಲ್ಲಿ ಆ ಏರಿಕೆ ಮಿತಿ ಮೀರಿದರೆ ನೆಲ ಜೌಗಾಗಿ ಸವಳೇರುತ್ತದೆ. ಮಟ್ಟ ಏರಿದುದೆಲ್ಲ ಲಾಭವಲ್ಲ, ಇಳಿದುದೆಲ್ಲ ನಷ್ಟವೂ ಅಲ್ಲ. ಈ ಎಲ್ಲ ಕಾರಣಗಳಿಂದ, ನೆಲದ ನಿಜಸ್ಥಿತಿಯನ್ನು ತಿಳಿಯಲು ದೊಡ್ಡ ನದಿಯ ಕೇಂದ್ರಗಳಷ್ಟೇ ಸಾಲವು. ಅಣೆಕಟ್ಟಿಲ್ಲದ ಸಣ್ಣ ಹಳ್ಳಗಳ ಮೇಲೂ ಕಣ್ಣಿಡಬೇಕಾಗುತ್ತದೆ. ಕೊರತೆ ಹೆಚ್ಚಾಗಿ ಕಾಣುವುದು ಇಲ್ಲಿಯೇ.

೬. ಒಂದೇ ನೀರು, ಎರಡು ಪುಸ್ತಕ

ಪ್ರಕೃತಿಯಲ್ಲಿ ಒಂದಾದ ಈ ನೀರನ್ನು ಕಾನೂನು ಎರಡಾಗಿ ಕಂಡಿದೆ. ಕೃಷ್ಣಾ ನದಿಯ ನೀರಿನ ಹಂಚಿಕೆಯ ಬಗೆಗೆ ಬಚಾವತ್ ನ್ಯಾಯಮಂಡಲಿ ೧೯೭೩ರಲ್ಲಿ ನೀಡಿ ೧೯೭೬ರಲ್ಲಿ ಅಂತಿಮಗೊಳಿಸಿದ ತೀರ್ಪು ೨,೦೬೦ ಟಿ.ಎಂ.ಸಿ. ನೀರನ್ನು ಮಹಾರಾಷ್ಟ್ರ, ಕರ್ನಾಟಕ ಮತ್ತು ಆಂಧ್ರಪ್ರದೇಶಗಳಿಗೆ ಹಂಚಿತು. ಮೇಲ್ಭೀಮಾ ಉಪಕೊಳ್ಳದಲ್ಲಿ ಮಹಾರಾಷ್ಟ್ರ ಬಳಸಬಹುದಾದ ನೀರಿಗೆ ಮಿತಿಯನ್ನೂ ವಿಧಿಸಿತು. ಆದರೆ ಅದೇ ತೀರ್ಪು, ತಮ್ಮ ತಮ್ಮ ಗಡಿಯೊಳಗಿನ ಅಂತರ್ಜಲವನ್ನು ಬಳಸಲು ರಾಜ್ಯಗಳು ಸ್ವತಂತ್ರವೆಂದೂ ಆ ಬಳಕೆಯನ್ನು ಕೃಷ್ಣಾ ನದಿಯ ನೀರಿನ ಬಳಕೆಯಾಗಿ ಎಣಿಸತಕ್ಕದ್ದಲ್ಲವೆಂದೂ ಸಾರಿತು.

ಆ ಕಾಲಕ್ಕೆ ಇದು ವ್ಯವಹಾರಕ್ಕೆ ಅನುಕೂಲವಾದ ನಿರ್ಣಯವಾಗಿದ್ದಿರಬಹುದು. ಲಕ್ಷಗಟ್ಟಲೆ ಬಾವಿಗಳ ನೀರನ್ನು ಎಣಿಸುವ ಬಗೆ ಯಾರಿಗೂ ತಿಳಿದಿರಲಿಲ್ಲ. ಎತ್ತುಗಳಿಂದ ಎಳೆಸುವ ಮೊಟ್ಟೆಯ ಬಾವಿಗಳ ಜಾಗಕ್ಕೆ ವಿದ್ಯುತ್ ಪಂಪುಗಳು ಇನ್ನೂ ಬರುತ್ತಲಿದ್ದವು. ಆದರೆ ನದಿಯ ದಂಡೆಯಿಂದ ಕೆಲವು ನೂರು ಅಡಿ ದೂರದ ಬಾವಿಯಿಂದ ಎತ್ತಿದ ನೀರು, ಇಂದಲ್ಲದಿದ್ದರೆ ಒಂದು ತಿಂಗಳ ಮೇಲೆ, ಹೊಳೆಗೆ ಬರಬೇಕಾಗಿದ್ದ ನೀರೇ. ಕಾಗದದ ಮೇಲೆ ಅದು ನದಿಯ ನೀರಲ್ಲ. ಮಾಗಿಯ ಹೊಳೆಯಲ್ಲಿ ಮಾತ್ರ ಅದರ ಕೊರತೆ ಕಾಣುತ್ತದೆ. ಬೇಸಗೆಯಲ್ಲಿ ಅಫಜಲಪುರ, ಇಂಡಿ ತಾಲೂಕುಗಳ ಜನ ಭೀಮೆಗೆ ನೀರು ಬಿಡಿಸಬೇಕೆಂದು ಬೇಡುವಾಗ ಚರ್ಚೆ ಅಣೆಕಟ್ಟಿನ ಬಾಗಿಲಿನ ಸುತ್ತ ಮಾತ್ರ ನಡೆಯುತ್ತದೆ. ಎರಡೂ ರಾಜ್ಯಗಳ ದಂಡೆಗಳಲ್ಲಿ ಪಂಪುಗಳ ಮೂಲಕ ಅದೃಶ್ಯವಾಗಿ ಹೊರಟುಹೋದ ಹರಿವು ಯಾರ ವಾದದಲ್ಲಿಯೂ ಬರುವುದಿಲ್ಲ.

ಇದರ ಇನ್ನೊಂದು ಮುಖ ಭೂಮಿಯ ಒಡೆತನದ ಕಾನೂನು. ೧೮೮೨ರ ಭಾರತೀಯ ಈಸ್‌ಮೆಂಟ್ ಕಾಯಿದೆಯ ಕಾಲದಿಂದ, ತನ್ನ ನೆಲದಡಿಯ ನೀರನ್ನು ತೆಗೆಯುವುದು ನೆಲದೊಡೆಯನ ಹಕ್ಕು ಎಂಬ ತಿಳಿವಳಿಕೆ ಬೇರೂರಿದೆ. ಮಹಾರಾಷ್ಟ್ರದ ೨೦೦೯ರ ಅಂತರ್ಜಲ ಕಾಯಿದೆಯೂ ಕರ್ನಾಟಕದ ೨೦೧೧ರ ಅಂತರ್ಜಲ ಕಾಯಿದೆಯೂ ಈ ಹಕ್ಕಿಗೆ ಕಟ್ಟುಪಾಡು ತರಲು ಯತ್ನಿಸಿವೆ. ಆದರೆ ಅಳತೆಯಿಲ್ಲದೆ ಕಟ್ಟುಪಾಡಿಲ್ಲ. ಹೊಳೆಯ ಪುಸ್ತಕ ಒಂದು ಇಲಾಖೆಯಲ್ಲಿ, ಬಾವಿಯ ಪುಸ್ತಕ ಮತ್ತೊಂದರಲ್ಲಿ, ಅವೂ ಎರಡೆರಡು ರಾಜ್ಯಗಳಲ್ಲಿ ಹಂಚಿಹೋಗಿರುವಾಗ ಕೊಳ್ಳದ ಒಟ್ಟು ಲೆಕ್ಕ ಕೂಡುವುದು ಕಷ್ಟ. ಇಂದು ಕೃಷ್ಣಾ ಕೊಳ್ಳದ ಈ ಅಂಕಿಅಂಶಗಳಲ್ಲಿ ಬಹಳಷ್ಟು 'ಇಂಡಿಯಾ-ವ್ರಿಸ್' ಎಂಬ ಸರಕಾರಿ ಜಾಲತಾಣದಲ್ಲಿ ಸಾರ್ವಜನಿಕರಿಗೆ ತೆರೆದಿವೆ. ಅದು ದೊಡ್ಡ ಮುನ್ನಡೆಯೇ ಸರಿ. ಆದರೆ ಅಂಕಿಗಳು ತೆರೆದಿರುವುದು ಬೇರೆ, ಅವು ಬಿತ್ತುವವನ ಅಂಗಳಕ್ಕೆ ತಲುಪುವುದು ಬೇರೆ.

೭. ಊರಿನ ಲೆಕ್ಕ

ಬಿತ್ತುವವನಿಗೆ ಈ ಅಂಕಿಗಳಿಂದ ಏನು ಪ್ರಯೋಜನ? ಒಂದು ಸರಳ ಗಣಿತ ಇದನ್ನು ತೋರಿಸುತ್ತದೆ. ಮಳೆಯ ಪಾಲನ್ನು ಕಳೆದು ಕಬ್ಬಿಗೆ ವರ್ಷದಲ್ಲಿ ಸುಮಾರು ೧,೫೦೦ ಮಿಲಿಮೀಟರ್ ನೀರುಣಿಸಬೇಕಾಗುತ್ತದೆ ಎಂದುಕೊಂಡರೆ ಒಂದು ಹೆಕ್ಟೇರಿಗೆ ೧೫,೦೦೦ ಘನಮೀಟರ್ ಬೇಕು. ಬಿಳಿಜೋಳಕ್ಕೆ ತೆನೆಗಟ್ಟುವ ಹೊತ್ತಿಗೆ ೬೦ ಮಿಲಿಮೀಟರಿನ ಒಂದು ನೀರು ಕೊಡಲು ಹೆಕ್ಟೇರಿಗೆ ೬೦೦ ಘನಮೀಟರ್ ಸಾಕು. ಒಂದು ಹೆಕ್ಟೇರ್ ಕಬ್ಬಿನ ನೀರು ೨೫ ಹೆಕ್ಟೇರ್ ಜೋಳವನ್ನು ಒಂದು ಸಲ ಉಳಿಸಬಲ್ಲುದು. ಒಂದು ಚದರ ಕಿಲೋಮೀಟರ್ ನೆಲದಡಿ ನೀರು ಮುಕ್ಕಾಲು ಮೀಟರ್ ಇಳಿದರೆ ದೊರೆಯುವ ನೀರು ಇಷ್ಟೇ ಎಂಬುದನ್ನು ಮೇಲಿನ ಲೆಕ್ಕದೊಂದಿಗೆ ಹೋಲಿಸಿದರೆ, ಮಳೆನೆರಳಿನ ಸೊಲ್ಲಾಪುರ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚಿರುವುದರ ಅರ್ಥ ಮನದಟ್ಟಾಗುತ್ತದೆ.

ಈ ಗಣಿತವನ್ನು ರೈತರೇ ಕೈಗೆತ್ತಿಕೊಂಡ ನಿದರ್ಶನಗಳಿವೆ. ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳ ಸುಮಾರು ೬೫೦ ಊರುಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ೨೦೦೩ರ ತರುವಾಯ ನಡೆದ 'ರೈತ ನಿರ್ವಹಣೆಯ ಅಂತರ್ಜಲ ವ್ಯವಸ್ಥೆ'ಯಲ್ಲಿ ರೈತ ಸ್ತ್ರೀಪುರುಷರು ಮಳೆಯನ್ನೂ ಬಾವಿಯ ಮಟ್ಟವನ್ನೂ ತಾವೇ ಅಳೆದು ಊರ ಗೋಡೆಯ ಮೇಲೆ ಬರೆದರು. ಹಿಂಗಾರಿ ಬಿತ್ತನೆಗೆ ಮುನ್ನ ಸಭೆ ಸೇರಿ, ಇರುವ ನೀರು ಇಷ್ಟು, ಬಯಸುವ ಬೆಳೆಗಳಿಗೆ ಬೇಕಾದ ನೀರು ಇಷ್ಟು ಎಂದು ಲೆಕ್ಕ ಹಾಕಿದರು. ಇಂಥದೇ ಬೆಳೆಯನ್ನು ಹಾಕಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ. ಕೊರತೆ ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಮಹಾರಾಷ್ಟ್ರದ ಅಹ್ಮದ್‌ನಗರ, ಎಂದರೆ ಇಂದಿನ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಗ್ರಾಮ ತನ್ನ ವಾರ್ಷಿಕ ನೀರಿನ ಮುಂಗಡಪತ್ರಕ್ಕೆ ಹೆಸರಾಗಿದೆ. ಅಲ್ಲಿ ನೀರಾವರಿಗೆ ಕೊಳವೆಬಾವಿ ಕೊರೆಯುವುದಕ್ಕೂ ಕಬ್ಬು ಬೆಳೆಯುವುದಕ್ಕೂ ಗ್ರಾಮಸಭೆಯೇ ತಡೆಯೊಡ್ಡಿತು. ೨೦೧೯ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಏಳು ರಾಜ್ಯಗಳಿಗಾಗಿ ಘೋಷಿಸಿದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡೂ ಸೇರಿದ್ದು, ಗ್ರಾಮಮಟ್ಟದ ನೀರಿನ ಲೆಕ್ಕ ಅದರ ಮುಖ್ಯ ಅಂಗವಾಗಿತ್ತು.

ಇವೆಲ್ಲ ಸಂಪೂರ್ಣವಾಗಿ ಹೊಸತೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕಟ್ಟಿಸಿದ ಕೆರೆ ಸೊಲ್ಲಾಪುರದ ನಡುವೆ ಇಂದಿಗೂ ಇದೆ. ಆ ಶರಣನ ಬದುಕನ್ನು ರಾಘವಾಂಕ 'ಸಿದ್ಧರಾಮ ಚಾರಿತ್ರ'ದಲ್ಲಿ ಕಥಿಸಿದ್ದಾನೆ. ಕೆರೆಯ ನೀರು ಇಂಗಿ ಸುತ್ತಲಿನ ಬಾವಿಗಳ ಸೆಲೆಯನ್ನು ಕಾಯುತ್ತದೆ. ಕೆರೆಗಳ ದುರಸ್ತಿಗಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಮೀಸಲಿಡುವ 'ಬಿತ್ತುವಟ್ಟ' ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ನೀರನ್ನು ಕಟ್ಟುವುದಷ್ಟೇ ಅಲ್ಲ, ವರ್ಷವರ್ಷವೂ ನೋಡಿಕೊಳ್ಳುವುದು ಊರಿನ ಹೊಣೆ ಎಂಬ ಅರಿವು ಆ ಮಾತಿನಲ್ಲಿದೆ. ಅಂದು ಕಣ್ಣಿಗೆ ಕಾಣುವ ಕೆರೆಯ ಏರಿಗೂ ತೂಬಿಗೂ ಸಲ್ಲುತ್ತಿದ್ದ ಆ ನಿಗಾ ಇಂದು ಕಾಣದ ನೀರಿಗೂ ಸಲ್ಲಬೇಕಾಗಿದೆ.

ಇಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ಮಾಪನದ ವರದಿಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಗಡಿಯ ಈಚೆಗಿನ ಕನ್ನಡದ ಊರಿಗೆ ಮರಾಠಿಯ ಸೂಚನೆ, ಆಚೆಗಿನ ಮರಾಠಿ ಮನೆಗಳಿಗೆ ಕನ್ನಡದ ಸೂಚನೆ ಬರುತ್ತದೆ. ಒಂದೇ ಹಳ್ಳದ ಎರಡು ದಂಡೆಗಳಲ್ಲಿರುವವರು ಒಂದೇ ಅಂಕಿಯನ್ನು ತಮ್ಮ ತಮ್ಮ ನುಡಿಯಲ್ಲಿ ಓದುವಂತಾದಾಗ ಮಾತ್ರ ಅದು ಇಬ್ಬರಿಗೂ ಸೇರಿದ ಲೆಕ್ಕವಾಗುತ್ತದೆ. ಒರತೆ, ಸೆಲೆ, ಜಿನುಗು, ಬಸಿ, ಜೌಗು, ಸವಳು ಎಂಬಂಥ ಸೂಕ್ಷ್ಮ ಭೇದಗಳನ್ನು ಬಲ್ಲ ಕನ್ನಡಕ್ಕೆ ಈ ಶಾಸ್ತ್ರವನ್ನು ಹೇಳುವ ಪದಸಂಪತ್ತಿನ ಕೊರತೆಯಿಲ್ಲ.

ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆಗಳಿಗೆ ಗುಳೆ ಹೊರಡುವ ಕುಟುಂಬಗಳ ಪಯಣ ಹಿಂಗಾರಿಯ ಬೆಳೆಯನ್ನೂ ಬಾವಿಯ ನೀರನ್ನೂ ಅವಲಂಬಿಸಿದೆ. ಜನವರಿಯಲ್ಲಿ ಬಾವಿಯ ಟೇಪು ಒಂದೆರಡು ಮೀಟರ್ ಹೆಚ್ಚು ಆಳಕ್ಕೆ ಇಳಿದಿತೆಂದರೆ, ಮಾರ್ಚಿನ ಹೊತ್ತಿಗೆ ಮಹಾನಗರಗಳ ಕಟ್ಟಡಗಳ ಬುಡದಲ್ಲಿ ಕನ್ನಡ ಮಾತಾಡುವ ಜೋಪಡಿಗಳು ಹೆಚ್ಚುತ್ತವೆ. ಹೊರನಾಡಿನ ಕನ್ನಡ ಬದುಕನ್ನು ಅಭ್ಯಸಿಸುವವರು ಸಂಘಸಂಸ್ಥೆಗಳ, ರಂಗಭೂಮಿಯ, ಸಾಹಿತ್ಯದ ಚರಿತ್ರೆಯೊಡನೆ ಈ ಬಾವಿಗಳ ಅಂಕಿಗಳನ್ನೂ ನೋಡಬೇಕಾದುದು ಈ ಕಾರಣದಿಂದ.

ಅಳತೆಯಿಂದಲೇ ನೀರು ಹೆಚ್ಚುವುದಿಲ್ಲ. ಮಳೆ ಬಾರದ ವರ್ಷ ಯಾವ ಲೆಕ್ಕಪುಸ್ತಕವೂ ಬಾಯಾರಿಕೆಯನ್ನು ನೀಗಿಸಲಾರದು. ಆದರೆ ಇರುವುದು ಎಷ್ಟೆಂದು ಎಲ್ಲರಿಗೂ ಒಟ್ಟಿಗೆ ತಿಳಿದಿರುವ ಕಡೆ, ಆಳವಾಗಿ ಕೊರೆಯಬಲ್ಲವನೇ ಗೆಲ್ಲುವ ಪೈಪೋಟಿಗೆ ಒಂದು ತಡೆ ಬೀಳುತ್ತದೆ. ಹೊಳೆಯ ದಾಖಲೆಯನ್ನೂ ಬಾವಿಯ ದಾಖಲೆಯನ್ನೂ ಒಂದೇ ಪುಟದಲ್ಲಿ, ಗಡಿಯ ಎರಡೂ ಬದಿಗೆ ಸೇರಿಸಿ, ಬಿತ್ತನೆಗೆ ಮೊದಲೊಮ್ಮೆ ಮತ್ತು ಜನವರಿಯಲ್ಲಿ ಇನ್ನೊಮ್ಮೆ ಊರವರ ಮುಂದಿಡುವುದು ಇಂದಿನ ಉಪಕರಣಗಳಿಗೆ ಅಸಾಧ್ಯವಾದ ಕೆಲಸವಲ್ಲ. ಭೀಮೆಯ ಕೊಳ್ಳದಲ್ಲಿ ಆಗಬೇಕಾಗಿರುವುದು ಇಷ್ಟು.